ಗೆರಾಸಿಮನ ಶುಶ್ರೂಷೆ

ಟಾಲ್‌ಸ್ಟಾಯರ ‘ಇವಾನ್ ಇಲಿಚನ ಮರಣ’ ಎಂಬ ನೀಳ್ಗತೆ ೧೮೮೬ನೆಯ ಇಸವಿಯಲ್ಲಿ ಪ್ರಕಟವಾಯಿತು. ಅದನ್ನು ಹೊಗಳುವವರು ಬಹುಮಟ್ಟಿಗೆ ಒಂದೇ ಬಗೆಯ ಮಾತನ್ನು ಹೇಳುತ್ತಾರೆ: ಇದು ಮೃತ್ಯುವಿನ ಕಥೆ; ಲೌಕಿಕದಲ್ಲಿ ಮುಳುಗಿದ್ದ ಒಬ್ಬ ಮನುಷ್ಯನಿಗೆ ಕಡೆಯ ಗಳಿಗೆಯಲ್ಲಿ ಕಣ್ಣು ತೆರೆದ ಕಥೆ; ವೈರಾಗ್ಯವನ್ನು ಬೋಧಿಸುವ ಕಥೆ. ಮಾತು ಸುಳ್ಳಲ್ಲ. ಆದರೆ ಪುಸ್ತಕವನ್ನು ಕೈಯಲ್ಲಿ ಹಿಡಿದು ಒಂದೊಂದೇ ಅಧ್ಯಾಯವನ್ನು ಸಾವಧಾನವಾಗಿ ಓದಿದವರಿಗೆ, ಅದರ ಉತ್ತರಾರ್ಧವನ್ನು ತುಂಬಿರುವುದು ತತ್ತ್ವವಿಚಾರಕ್ಕಿಂತ ಹೆಚ್ಚಾಗಿ ರೋಗಿಯ ಕೋಣೆ ಎಂಬುದು ತೋರದೆ ಇರದು. ಯಾರು ಒಳಗೆ ಬಂದರು, ಎಷ್ಟು ಹೊತ್ತು ಕುಳಿತರು, ಔಷಧವನ್ನು ಯಾರು ಕುಡಿಸಿದರು, ಮಲಪಾತ್ರೆಯನ್ನು ಯಾರು ಎತ್ತಿದರು, ದಿಂಬನ್ನು ಯಾರು ಸರಿಮಾಡಿದರು, ಬಾಗಿಲನ್ನು ಯಾರು ಮೆಲ್ಲನೆ ಮುಚ್ಚಿಕೊಂಡು ಹೋದರು, ಇವುಗಳಿಂದಲೇ ಕಥೆ ಸಾಗುತ್ತದೆ. ಸಾಯುವವನ ಕಥೆಯೆಂದು ಪ್ರಸಿದ್ಧವಾದ ಈ ಕೃತಿ ಸಾಯುವವನನ್ನು ನೋಡಿಕೊಂಡವರ ಕಥೆಯೂ ಹೌದು. ಮೊದಲನೆಯ ಕಥೆಯನ್ನು ಹೊತ್ತು ನಿಂತಿರುವುದು ಈ ಎರಡನೆಯದೇ ಎಂದರೂ ತಪ್ಪಾಗಲಾರದು.

ಕಥೆಯ ಬೀಜ ಲೋಕದಿಂದ ಬಂದದ್ದು. ತೂಲಾ ಪಟ್ಟಣದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ಇವಾನ್ ಇಲಿಚ್ ಮೆಚ್ನಿಕೋವ್ ಎಂಬಾತನು ೧೮೮೧ರಲ್ಲಿ ತೀರಿಕೊಂಡನು. ಮುಂದೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜೀವಶಾಸ್ತ್ರಜ್ಞ ಮೆಚ್ನಿಕೋವನಿಗೆ ಈತನು ಸೋದರ. ಟಾಲ್‌ಸ್ಟಾಯರು ಹೆಸರನ್ನು ಅರ್ಧ ಉಳಿಸಿಕೊಂಡು ಅರ್ಧ ಬದಲಿಸಿದರು. ಕಥಾನಾಯಕನಾದ ಇವಾನ್ ಇಲಿಚನು ನಾಲ್ವತ್ತೈದು ವರ್ಷದ ನ್ಯಾಯಾಧಿಕಾರಿ. ಕಚೇರಿಯಲ್ಲಿ ದಕ್ಷ, ಮನೆಯಲ್ಲಿ ಮರ್ಯಾದಸ್ಥ, ಇಸ್ಪೀಟಿನಾಟದಲ್ಲಿ ಆಸಕ್ತ. ಹೊಸ ಮನೆಯ ತೆರೆಗಳನ್ನು ಹೀಗೆ ತೂಗುಹಾಕಬೇಕೆಂದು ಕೆಲಸಗಾರನಿಗೆ ತೋರಿಸಲು ಏಣಿ ಹತ್ತಿ, ಕಾಲು ಜಾರಿ, ಕಿಟಕಿಯ ಚೌಕಟ್ಟಿಗೆ ಪಕ್ಕೆಯನ್ನು ತಾಗಿಸಿಕೊಳ್ಳುತ್ತಾನೆ. ಅಷ್ಟೇ ನೆಪ. ನೋವು ಬೆಳೆಯುತ್ತದೆ, ಬಾಯಿಗೆ ರುಚಿ ಕೆಡುತ್ತದೆ, ವೈದ್ಯರು ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಇದು ಮೂತ್ರಪಿಂಡದ ದೋಷವೋ ಕರುಳಿನ ದೋಷವೋ ಎಂದು ಚರ್ಚೆ ನಡೆಯುತ್ತದೆ. ತನ್ನ ಪ್ರಾಣಕ್ಕೆ ಅಪಾಯವಿದೆಯೇ ಎಂದು ರೋಗಿ ಕೇಳಿದರೆ, ಆ ಪ್ರಶ್ನೆ ಪ್ರಕೃತಕ್ಕೆ ಸಲ್ಲದ್ದೆಂಬಂತೆ ವೈದ್ಯನು ವರ್ತಿಸುತ್ತಾನೆ. ಕಟಕಟೆಯಲ್ಲಿ ನಿಂತವರ ಮುಂದೆ ತಾನು ತಾಳುತ್ತಿದ್ದ ಗತ್ತನ್ನೇ ವೈದ್ಯನು ತನ್ನ ಮುಂದೆ ತಾಳಿದ್ದಾನೆಂದು ಇವಾನ್ ಇಲಿಚನಿಗೆ ಹೊಳೆಯುತ್ತದೆ. ಕಥೆಯ ತೀಕ್ಷ್ಣವಾದ ವ್ಯಂಗ್ಯಗಳಲ್ಲಿ ಇದೊಂದು. ಆದರೆ ಇದನ್ನು ಬಹುಮಂದಿ ಆಗಲೇ ಎತ್ತಿ ತೋರಿಸಿರುವುದರಿಂದ ಇಲ್ಲಿ ಬೆಳೆಸಬೇಕಾದದ್ದಿಲ್ಲ.

ರೋಗಿಯನ್ನು ರೋಗಕ್ಕಿಂತ ಹೆಚ್ಚಾಗಿ ಹಿಂಸಿಸಿದ್ದು ಸುಳ್ಳು. ಈತನು ಕಾಯಿಲೆಯಾಗಿದ್ದಾನೆಯೇ ಹೊರತು ಸಾಯುತ್ತಿಲ್ಲ. ಹೇಳಿದಂತೆ ಕೇಳಿಕೊಂಡಿದ್ದರೆ ನೆಟ್ಟಗಾಗುತ್ತಾನೆ. ಹೀಗೆಂದು ಹೆಂಡತಿ, ಮಗಳು, ವೈದ್ಯ, ಮಿತ್ರರು ಎಲ್ಲರೂ ಸೇರಿ ನಟಿಸುತ್ತಾರೆ. ಅದು ಸುಳ್ಳೆಂದು ಅವರಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಆ ನಾಟಕದಲ್ಲಿ ಅವನೂ ಪಾತ್ರ ವಹಿಸಬೇಕು. ಈ ನಾಟಕ ರಷ್ಯಾದ ಶ್ರೀಮಂತರ ಮನೆಗೆ ಮಾತ್ರ ಸೇರಿದ್ದಲ್ಲ. ಇನ್ನೆರಡು ದಿನದಲ್ಲಿ ಎದ್ದು ಓಡಾಡುತ್ತೀರಿ ಎಂದು ಹಾಸಿಗೆಯ ಬಳಿ ನಗುನಗುತ್ತ ಹೇಳಿ, ನಡುಮನೆಗೆ ಬಂದು ಸೆರಗಿನಿಂದ ಕಣ್ಣೊರಸಿಕೊಳ್ಳುವುದನ್ನು ಕನ್ನಡದ ಯಾವ ಮನೆ ತಾನೆ ಕಂಡಿಲ್ಲ? ಅದರ ಮೂಲದಲ್ಲಿ ಪ್ರೀತಿಯೇ ಇರಬಹುದು. ಆದರೆ ಫಲವೇನೆಂಬುದನ್ನು ಟಾಲ್‌ಸ್ಟಾಯರಿಗಿಂತ ಮೊದಲೇ ಫ್ಲಾರೆನ್ಸ್ ನೈಟಿಂಗೇಲ್ ಕಂಡುಕೊಂಡಿದ್ದಳು. ಶುಶ್ರೂಷೆಯನ್ನು ಕುರಿತು ೧೮೫೯ರಲ್ಲಿ ಆಕೆ ಬರೆದ ಪುಸ್ತಕದಲ್ಲಿ ಬರಿಯ ಭರವಸೆಯ ಹರಟೆಗೂ ಬಿಟ್ಟಿ ಉಪದೇಶಕ್ಕೂ ಒಂದು ಅಧ್ಯಾಯವೇ ಮೀಸಲಾಗಿದೆ. ರೋಗಿಯ ಅಪಾಯವನ್ನು ಹಗುರಮಾಡಿ ಆಡುವ ಮಾತು ಅವನನ್ನು ಹುರಿದುಂಬಿಸುವುದಕ್ಕೆ ಬದಲಾಗಿ ದಣಿಸುತ್ತದೆ, ತನ್ನ ಸ್ಥಿತಿಯನ್ನು ಯಾರೊಡನೆಯೂ ಹೇಳಿಕೊಳ್ಳದಂತೆ ಅವನ ಬಾಯಿ ಕಟ್ಟುತ್ತದೆ ಎಂಬುದು ಆಕೆಯ ಅಭಿಪ್ರಾಯದ ಸಾರ. ಕೋಣೆಯೊಳಗೋ ಬಾಗಿಲ ಹೊರಗೋ ನಿಂತು ಪಿಸುಗುಟ್ಟುವುದು ಕ್ರೌರ್ಯವೆಂದೂ ಆಕೆ ಬರೆದಳು. ದೀರ್ಘಕಾಲ ಸ್ವತಃ ಹಾಸಿಗೆ ಹಿಡಿದು ಬಾಳಿದ ಹೆಂಗಸಿನ ಮಾತದು. ಇವಾನ್ ಇಲಿಚನ ಕೋಣೆಗೆ ಅದು ಅಕ್ಷರಶಃ ಒಪ್ಪುತ್ತದೆ.

ಇಂತಹ ಮನೆಯೊಳಕ್ಕೆ ಏಳನೆಯ ಅಧ್ಯಾಯದಲ್ಲಿ ಗೆರಾಸಿಮನು ಕಾಲಿಡುತ್ತಾನೆ. ಹಳ್ಳಿಯಿಂದ ಬಂದ ತರುಣ. ಊಟದ ಕೋಣೆಯ ಚಾಕರಿಯಲ್ಲಿ ಕೈನೆರವಿನ ಆಳು. ರೋಗಿಯ ಮಲಮೂತ್ರಗಳನ್ನು ಎತ್ತುವ ಕೆಲಸ ಅವನ ಪಾಲಿಗೆ ಬಂದಿದೆ. ಈ ಸನ್ನಿವೇಶವನ್ನು ಟಾಲ್‌ಸ್ಟಾಯರು ಮುಚ್ಚಿ ಹೇಳುವುದಿಲ್ಲ, ಕೆದಕಿಯೂ ಹೇಳುವುದಿಲ್ಲ. ಪೀಠದಿಂದ ಎದ್ದ ರೋಗಿಗೆ ಷರಾಯಿಯನ್ನು ಮೇಲಕ್ಕೆಳೆದುಕೊಳ್ಳುವಷ್ಟು ತ್ರಾಣವಿಲ್ಲ. ಆರಾಮಕುರ್ಚಿಯಲ್ಲಿ ಕುಸಿದು, ತನ್ನ ಬತ್ತಿದ ತೊಡೆಗಳನ್ನು ತಾನೇ ನೋಡಿಕೊಂಡು ಹೇಸುತ್ತಿದ್ದಾನೆ. ಆಗ ಡಾಂಬರಿನ ವಾಸನೆಯ ದಪ್ಪ ಬೂಟುಗಳ ಸಪ್ಪಳದೊಡನೆ, ಚಳಿಗಾಲದ ಹೊರಗಾಳಿಯನ್ನು ಜತೆಯಲ್ಲಿ ತಂದಂತೆ, ತೋಳು ಮಡಿಚಿದ ಅಂಗಿಯಲ್ಲಿ ಗೆರಾಸಿಮನು ಬರುತ್ತಾನೆ. ಅವನು ಯಜಮಾನನ ಮುಖವನ್ನು ನೋಡುವುದಿಲ್ಲ. ತನ್ನ ಮುಖದಲ್ಲಿ ಹೊಳೆಯುವ ಬಾಳಿನ ಹಿಗ್ಗು ರೋಗಿಯನ್ನು ನೋಯಿಸೀತೆಂದು ಕಣ್ಣನ್ನು ಬೇರೆ ಕಡೆಗೆ ತಿರುಗಿಸಿಕೊಂಡಿದ್ದಾನೆ. ಯಾವ ಶಾಲೆಯಲ್ಲಿಯೂ ಕಲಿಯದ ಆಳುಮಗನಿಗೆ ಈ ಸೂಕ್ಷ್ಮತೆಯನ್ನು ಕೊಟ್ಟಿರುವುದರಲ್ಲಿ ಕಥೆಗಾರರ ಹಿರಿಮೆ ಕಾಣುತ್ತದೆ.

ಅಲಂಕಾರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲಿಯ ಸಾಮಗ್ರಿಯೆಲ್ಲ ಬೀಭತ್ಸಕ್ಕೆ ಸೇರಿದ್ದು. ಮಲ, ದುರ್ಗಂಧ, ಕೃಶವಾದ ದೇಹ ಇವು ಆಲಂಬನ ಮತ್ತು ಉದ್ದೀಪನ; ಜುಗುಪ್ಸೆ ಸ್ಥಾಯಿಯಾಗಬೇಕು. ರೋಗಿಯಲ್ಲಿ ಅದು ಹುಟ್ಟಿಯೂ ಇದೆ. ಆದರೆ ಓದುವವನಲ್ಲಿ ಅದು ಬಲಿತು ರಸವಾಗುವುದಿಲ್ಲ. ಆ ಪಾತ್ರೆಯನ್ನು ಎತ್ತಿಕೊಂಡು ಹಗುರವಾಗಿ ನಡೆದುಹೋಗುವ ಗೆರಾಸಿಮನಲ್ಲಿ ಜುಗುಪ್ಸೆಯ ಲೇಶವೂ ಇಲ್ಲದಿರುವುದೇ ಇದಕ್ಕೆ ಕಾರಣ. ಅವನು ಮೂಗು ಮುಚ್ಚಿಕೊಳ್ಳುವುದಿಲ್ಲ. ಮೂಗು ಮುಚ್ಚಿಕೊಳ್ಳದಿರುವುದನ್ನು ಒಂದು ತ್ಯಾಗವೆಂದು ತೋರಿಸಿಕೊಳ್ಳುವುದೂ ಇಲ್ಲ. ನಿನಗೆ ಇದು ಅಸಹ್ಯವಾಗಿರಬೇಕೆಂದು ಯಜಮಾನನು ಸಂಕೋಚದಿಂದ ಹೇಳಿದಾಗ, ತಮಗೆ ಮೈಯಲ್ಲಿ ನೆಟ್ಟಗಿಲ್ಲವಷ್ಟೆ ಎಂಬ ಅರ್ಥದ ಸಾದಾ ಉತ್ತರ ಬರುತ್ತದೆ. ಬೀಭತ್ಸವು ಕರುಣಕ್ಕೆ ದಾರಿಬಿಡುವುದು ಆ ಕ್ಷಣದಲ್ಲಿ.

ಆ ಬಳಿಕ ಕಾಲುಗಳ ಪ್ರಸಂಗ. ಇವಾನ್ ಇಲಿಚನು ಮೊದಲು ತನ್ನನ್ನು ಎತ್ತಿ ಮಂಚಕ್ಕೆ ಒರಗಿಸೆನ್ನುತ್ತಾನೆ, ಕಾಲ ಕೆಳಗೆ ಕುರ್ಚಿಯಿಡೆನ್ನುತ್ತಾನೆ, ಮೇಲೊಂದು ದಿಂಬಿಡೆನ್ನುತ್ತಾನೆ. ಗೆರಾಸಿಮನು ಕಾಲುಗಳನ್ನು ಎತ್ತಿ ಹಿಡಿದಿದ್ದಾಗ ಹಾಯೆನಿಸಿದ್ದು ದಿಂಬಿನ ಮೇಲಿಟ್ಟ ಕೂಡಲೆ ತಪ್ಪಿಹೋದಂತೆ ಅವನಿಗೆ ತೋರುತ್ತದೆ. ನಿನಗೆ ಬೇರೆ ಕೆಲಸವಿದೆಯೇ ಎಂದು ವಿಚಾರಿಸುತ್ತಾನೆ. ನಾಳೆಗೆ ಸೌದೆ ಒಡೆಯುವುದೊಂದು ಉಳಿದಿದೆ, ಅದಕ್ಕೆ ಬೇಕಾದಷ್ಟು ಹೊತ್ತಿದೆ. ಆಮೇಲೆ ಗಂಟೆಗಟ್ಟಲೆ, ಒಮ್ಮೊಮ್ಮೆ ರಾತ್ರಿಯೆಲ್ಲ, ಯಜಮಾನನ ಹಿಮ್ಮಡಿಗಳನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ಗೆರಾಸಿಮನು ಕುಳಿತಿರುತ್ತಾನೆ. ಇದನ್ನು ಸಂಕೇತವೆಂದು ಬಿಡಿಸುವುದು ಸುಲಭ. ಆಳು ಒಡೆಯನ ಭಾರವನ್ನು ಹೊತ್ತನೆಂದೂ ರೈತನ ಹೆಗಲು ನಾಗರಿಕನ ಪಾಪವನ್ನು ತಾಳಿತೆಂದೂ ಅರ್ಥ ಹೇಳಬಹುದು. ಹಾಗೆ ಮಾಡಿದರೆ ಕಥೆಗೆ ಅನ್ಯಾಯವಾಗುತ್ತದೆ. ಕಾಲು ಎತ್ತರದಲ್ಲಿದ್ದರೆ ಆ ರೋಗಿಗೆ ನೋವು ಕಡಮೆಯೆನಿಸುತ್ತಿತ್ತು. ಆದುದರಿಂದ ಅವನು ಹಿಡಿದುಕೊಂಡನು. ಇದೇ ಸಂಗತಿಯನ್ನು ಹೆಂಡತಿಯಾದ ಪ್ರಸ್ಕೋವ್ಯಾ ಫ್ಯೋದೊರೊವ್ನಾ ಮುಂದಿನ ಅಧ್ಯಾಯದಲ್ಲಿ ವೈದ್ಯನಿಗೆ ದೂರಾಗಿ ಹೇಳುತ್ತಾಳೆ: ಕಾಲು ಮೇಲಕ್ಕೆತ್ತಿಸಿಕೊಂಡು ಮಲಗುತ್ತಾರೆ, ಅದು ಮೈಗೆ ಒಳ್ಳೆಯದಲ್ಲವಲ್ಲ, ಎಂದು. ವೈದ್ಯನು ಮಕ್ಕಳಾಟವನ್ನು ಕಂಡವನಂತೆ ಮುಗುಳುನಗುತ್ತಾನೆ. ಒಂದೇ ವಿಷಯ ಒಬ್ಬನಿಗೆ ಮಾಡಬೇಕಾದ ಕೆಲಸ, ಒಬ್ಬಳಿಗೆ ಅಪಥ್ಯ, ಒಬ್ಬನಿಗೆ ವಿನೋದ.

‘ಶುಶ್ರೂಷಾ’ ಎಂಬ ಸಂಸ್ಕೃತ ಶಬ್ದದ ಮೂಲಾರ್ಥ ಕೇಳುವ ಇಚ್ಛೆ ಎಂಬುದು ವ್ಯಾಕರಣ ಬಲ್ಲವರಿಗೆ ಗೊತ್ತಿರುವುದೇ. ಗುರುವಿನ ಮಾತನ್ನು ಕೇಳಬಯಸಿ ಬಳಿಯಲ್ಲಿರುವವನು ಅವನ ಸೇವೆಯನ್ನೂ ಮಾಡುವನಾದ್ದರಿಂದ ಶಬ್ದಕ್ಕೆ ಸೇವೆಯೆಂಬ ಅರ್ಥ ಕೂಡಿಬಂದು, ರೋಗಿಯ ಆರೈಕೆಗೂ ಅದೇ ಹೆಸರಾಯಿತು. ಟಾಲ್‌ಸ್ಟಾಯರಿಗೆ ಈ ನಿರುಕ್ತಿಯ ಹಂಗಿಲ್ಲ; ಆದರೂ ಅವರ ಕಥೆಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ದೊರೆಯುವುದು ಕಷ್ಟ. ಆ ಮನೆಯಲ್ಲಿ ರೋಗಿಯ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ. ಕೊನೆಯ ಮೂರು ದಿನಗಳ ಚೀರಾಟ ಮೂರು ಬಾಗಿಲುಗಳಾಚೆಗೂ ಕೇಳಿಸುತ್ತಿತ್ತೆಂದೂ ಅದನ್ನು ತಾನು ಹೇಗೆ ತಾಳಿದೆನೋ ತನಗೇ ತಿಳಿಯದೆಂದೂ ವಿಧವೆ ಬಂದವರೊಡನೆ ಹೇಳಿಕೊಳ್ಳುತ್ತಾಳೆ. ಸದ್ದು ಕೇಳಿಸಿತು; ಅವನು ಏನನ್ನು ಬೇಡುತ್ತಿದ್ದನೆಂಬುದು ಕೇಳಿಸಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಲ್ಲಿ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಇವಿಷ್ಟು ಇರಬೇಕೆಂದು ವಿಧಿಸಿದೆ. ಗೆರಾಸಿಮನಲ್ಲಿ ನಾಲ್ಕೂ ಇವೆ. ರೋಗಿಯ ಗುಣಗಳಲ್ಲಿ ತನ್ನ ವ್ಯಾಧಿಯನ್ನು ತಿಳಿಯಹೇಳುವ ಶಕ್ತಿಯೂ ಒಂದೆಂದು ಅಲ್ಲಿಯೇ ಎಣಿಸಿದ್ದಾರೆ. ಇವಾನ್ ಇಲಿಚನಿಗೆ ಆ ಶಕ್ತಿಯೂ ಇತ್ತು, ಕೇಳುವವರಿರಲಿಲ್ಲ. ಅದೇ ಅಧ್ಯಾಯವು ವೈದ್ಯನ ವೃತ್ತಿಯನ್ನು ವಿವರಿಸುವಾಗ, ಆರ್ತರಲ್ಲಿ ಕಾರುಣ್ಯವನ್ನೂ, ವ್ಯಾಖ್ಯಾನಕಾರರು ಮರಣೋನ್ಮುಖರೆಂದು ಅರ್ಥಮಾಡುವವರಲ್ಲಿ ಉಪೇಕ್ಷೆಯನ್ನೂ ಹೇಳುತ್ತದೆ. ಆ ಉಪೇಕ್ಷೆ ವೈದ್ಯನಿಗೆ ಯುಕ್ತವಿರಬಹುದು. ಪರಿಚಾರಕನಿಗೆ ಅಂತಹ ಬಿಡುಗಡೆಯನ್ನು ಅಲ್ಲಿ ಹೇಳಿಲ್ಲ.

ಗೆರಾಸಿಮನು ಸತ್ಯವನ್ನು ನುಡಿದನೆಂದು ಹೊಗಳುವುದು ವಾಡಿಕೆ. ಹೇಗೆ ನುಡಿದನೆಂಬುದನ್ನು ಗಮನಿಸಬೇಕು. ಅವನು ನೀವು ಸಾಯುತ್ತೀರೆಂದು ರೋಗಿಗೆ ಎಂದೂ ಸಾರುವುದಿಲ್ಲ. ಒಂದು ಸಲ ಯಜಮಾನನು ಇನ್ನು ಹೋಗೆಂದು ಕಳುಹಿಸುವಾಗ, ಸಾವು ಎಲ್ಲರಿಗೂ ಬರುವಂಥದಾದ್ದರಿಂದ ಇಷ್ಟು ಶ್ರಮ ಏನು ಮಹಾ ಎಂಬರ್ಥದ ಮಾತು ಅವನ ಬಾಯಿಂದ ಬರುತ್ತದೆ. ತನ್ನ ಕಾಲ ಬಂದಾಗ ತನಗೂ ಯಾರಾದರೊಬ್ಬರು ಇಷ್ಟನ್ನು ಮಾಡಿಯಾರೆಂಬ ನಂಬಿಕೆ ಅದರ ಹಿಂದಿದೆ. ಸತ್ಯವು ಅಲ್ಲಿ ವಾರ್ತೆಯಾಗಿ ಬಾರದೆ ಕೆಲಸಕ್ಕೆ ಕಾರಣವಾಗಿ ಬಂದಿದೆ. ನಿಷ್ಠುರವಾಗಿ ನಿಜ ಹೇಳಿಬಿಡುವುದೇ ಧರ್ಮವೆಂದು ಈ ಕಥೆಯನ್ನು ಆಧಾರಮಾಡಿಕೊಳ್ಳಹೊರಡುವವರು ಈ ಭೇದವನ್ನು ಮರೆಯಬಾರದು.

ಕನ್ನಡದಲ್ಲಿ ಇದಕ್ಕೆ ಎದುರಾಗಿ ಇಟ್ಟು ನೋಡಬಹುದಾದ ಒಂದು ಚಿತ್ರವಿದೆ. ೧೯೬೫ರಲ್ಲಿ ಹೊರಬಂದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಪ್ರಾಣೇಶಾಚಾರ್ಯರು ಹುಟ್ಟು ರೋಗಿಣಿಯಾದ ಭಾಗೀರಥಿಯನ್ನು ಕೈಹಿಡಿದು, ದಿನವೂ ತಾವೇ ಸ್ನಾನಮಾಡಿಸಿ ಉಣಿಸಿ ಸಲಹುತ್ತಾರೆ. ಇಪ್ಪತ್ತು ವರ್ಷ ತಪ್ಪದೆ ನಡೆದ ಸೇವೆ. ಕೆಲಸದಲ್ಲಿ ಲೋಪವಿಲ್ಲ, ಆದರೆ ಅದು ಆಚಾರ್ಯರ ತಪಸ್ಸಿನ ಭಾಗ, ಅವರ ಮುಕ್ತಿಯ ಮೆಟ್ಟಿಲು. ಆ ಹೆಂಗಸು ಮೆಟ್ಟಿಲಾಗಿದ್ದಾಳೆಂಬುದು ಅವರಿಗೆ ಬಹುಕಾಲ ತಿಳಿಯುವುದಿಲ್ಲ. ಚಂದ್ರಿಯ ಸಂಗವಾದ ಮೇಲೆ ಒಂದು ದಿನ ಮೀಯಿಸುತ್ತಿರುವಾಗ ಆ ದೇಹವನ್ನು ಮೊದಲ ಬಾರಿಗೆ ದೇಹವೆಂದು ನೋಡುತ್ತಾರೆ, ನೋಡಿ ಹೇಸುತ್ತಾರೆ. ಗೆರಾಸಿಮನಿಗೆ ಇಂತಹ ಅಪಾಯವಿಲ್ಲ. ಅವನು ಮೊದಲ ದಿನವೇ ದೇಹವನ್ನು ದೇಹವೆಂದೇ ಎತ್ತಿಕೊಂಡವನು. ಅನಂತಮೂರ್ತಿಯವರ ಚಿತ್ರ ಹೆಚ್ಚು ಕಹಿ. ಆದರೆ ಒಂದು ವಿಷಯದಲ್ಲಿ ಅದು ಟಾಲ್‌ಸ್ಟಾಯರ ಚಿತ್ರಕ್ಕಿಂತ ಪ್ರಾಮಾಣಿಕವೆನ್ನಬೇಕು: ನೋಡಿಕೊಳ್ಳುವವನಿಗೂ ಒಂದು ಒಳಗು ಉಂಟೆಂದು, ಅಲ್ಲಿ ಬಳಲಿಕೆ, ಅಹಂಕಾರ, ಬಯಕೆಗಳು ಇರಬಹುದೆಂದು ಅದು ಒಪ್ಪುತ್ತದೆ.

ಟಾಲ್‌ಸ್ಟಾಯರ ಕೃತಿಯ ಮೇಲೆ ಹೊರಿಸಬೇಕಾದ ಮೊದಲನೆಯ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಗೆರಾಸಿಮನು ದಣಿಯುವುದಿಲ್ಲ. ರಾತ್ರಿಯೆಲ್ಲ ಕುಳಿತವನು ಬೆಳಗ್ಗೆ ಸೌದೆ ಒಡೆಯುತ್ತಾನೆ. ಅವನ ಹೆಗಲು ನೋಯುವುದಿಲ್ಲ. ಅವನ ಹಳ್ಳಿಯಲ್ಲಿ ಯಾರಿದ್ದಾರೆಂದು ಕಥೆ ಕೇಳುವುದಿಲ್ಲ. ರೈತನಲ್ಲಿ ಸಹಜಧರ್ಮವಿದೆಯೆಂಬ ಟಾಲ್‌ಸ್ಟಾಯರ ಶ್ರದ್ಧೆ ಸುಪರಿಚಿತವಾದದ್ದೇ. ಆ ಶ್ರದ್ಧೆ ಇಲ್ಲಿ ಒಬ್ಬ ಮನುಷ್ಯನನ್ನು ಸ್ವಲ್ಪಮಟ್ಟಿಗೆ ಮಾದರಿಯನ್ನಾಗಿ ಮಾಡಿಬಿಟ್ಟಿದೆ. ತಿಂಗಳುಗಟ್ಟಲೆ ರೋಗಿಯೊಬ್ಬರನ್ನು ನೋಡಿಕೊಂಡ ಯಾವ ಮಗಳೂ ಯಾವ ಸೊಸೆಯೂ ಇದನ್ನು ಓದಿ, ನಿದ್ದೆಗೆಟ್ಟ ನಾಲ್ಕನೆಯ ರಾತ್ರಿ ಗೆರಾಸಿಮನಿಗೆ ಹೇಗಿತ್ತೋ ಎಂದು ಕೇಳದೆ ಇರಲಾರಳು.

ಎರಡನೆಯ ಆಕ್ಷೇಪ ಹೆಂಡತಿಯ ವಿಷಯದ್ದು. ಪ್ರಸ್ಕೋವ್ಯಾ ಸ್ವಾರ್ಥಿ, ಸಂದೇಹವಿಲ್ಲ. ಗಂಡನ ಹೆಣ ಮನೆಯಲ್ಲಿರುವಾಗಲೇ ಸರ್ಕಾರದಿಂದ ಹಣ ಹೇಗೆ ಹೆಚ್ಚು ಪಡೆಯಬಹುದೆಂದು ವಿಚಾರಿಸುತ್ತಾಳೆ. ಆದರೆ ಅವಳನ್ನು ಓದುಗನು ಬಹುಮಟ್ಟಿಗೆ ರೋಗಿಯ ಕಣ್ಣಿನಿಂದ ಕಾಣುತ್ತಾನೆ, ರೋಗಿಯ ಕಣ್ಣಾದರೋ ದ್ವೇಷದಿಂದ ಉರಿಯುತ್ತಿದೆ. ಹೆತ್ತ ಮಕ್ಕಳಲ್ಲಿ ಕೆಲವರನ್ನು ಕಳೆದುಕೊಂಡ ತಾಯಿ ಅವಳು. ಆ ದುಃಖಕ್ಕೆ ಪುಸ್ತಕ ಕೊಡುವ ಸ್ಥಳ ಬಲು ಕಿರಿದು. ಒಂಬತ್ತನೆಯ ಅಧ್ಯಾಯದ ಆರಂಭದಲ್ಲಿ ಮತ್ತೊಂದು ಸಂಗತಿ ಇದೆ. ನಾಟಕ ನೋಡಿಕೊಂಡು ತಡವಾಗಿ ಬಂದ ಅವಳು ತುದಿಗಾಲಿನಲ್ಲಿ ಒಳಕ್ಕೆ ಬರುತ್ತಾಳೆ, ಗೆರಾಸಿಮನನ್ನು ಕಳುಹಿಸಿ ತಾನೇ ಬಳಿಯಲ್ಲಿ ಕೂರಬೇಕೆಂದು ಬಯಸುತ್ತಾಳೆ. ರೋಗಿ ಕಣ್ಣು ತೆರೆದು ಬೇಡವೆನ್ನುತ್ತಾನೆ. ಕಥೆ ಮುಂದಕ್ಕೆ ಹೋಗುತ್ತದೆ. ಬಾಗಿಲಿನ ಆಚೆಗೆ ಹೋದ ಆ ಹೆಂಗಸಿನ ಹಿಂದೆ ಒಂದು ವಾಕ್ಯದಷ್ಟು ದೂರವಾದರೂ ಟಾಲ್‌ಸ್ಟಾಯರು ಹೋಗಿದ್ದರೆ, ಈ ಕೃತಿಯ ಕರುಣೆ ಇನ್ನೂ ವಿಶಾಲವಾಗುತ್ತಿತ್ತು. ಆಳು ಸೇವೆ ಮಾಡಿ ಎದ್ದುಹೋಗಬಲ್ಲ. ಅವನಿಗೂ ಯಜಮಾನನಿಗೂ ನಡುವೆ ಹದಿನೇಳು ಹದಿನೆಂಟು ವರ್ಷಗಳ ಮುನಿಸಿಲ್ಲ. ಮನೆಯವರಿಗೆ ಶುಶ್ರೂಷೆ ಕಷ್ಟವಾಗುವುದು ಇದರಿಂದ. ಸುಳ್ಳನ್ನಾಡದಿರುವುದು ಗೆರಾಸಿಮನಿಗೆ ಸುಲಭವಾಗಿತ್ತು ಎಂಬುದನ್ನೂ ಅವನ ಹೊಗಳಿಕೆಯ ಪಕ್ಕದಲ್ಲಿಯೇ ಬರೆದಿಡಬೇಕು. ಅದೇ ರಾತ್ರಿ ಮೂರರ ಹೊತ್ತಿನಲ್ಲಿ ಇವಾನ್ ಇಲಿಚನು ಅವನನ್ನೂ ಮಲಗಲು ಕಳುಹಿಸಿ, ಅವನು ಪಕ್ಕದ ಕೋಣೆಗೆ ಹೋಗುವವರೆಗೆ ತಡೆದುಕೊಂಡು ಆಮೇಲೆ ಮಗುವಿನಂತೆ ಅಳುತ್ತಾನೆ. ಗೆರಾಸಿಮನ ಹೆಗಲಿಗೂ ಒಂದು ಎಲ್ಲೆ ಇತ್ತು.

ಮೂರನೆಯದು ನೋವು. ಇವಾನ್ ಇಲಿಚನಿಗೆ ಅಫೀಮು ಕೊಟ್ಟರು, ಮಾರ್ಫಿನಿನ ಚುಚ್ಚುಮದ್ದು ಹಾಕಿದರು, ಉಪಶಮನವಾಗಲಿಲ್ಲ ಎಂದು ಕಥೆ ಹೇಳಿ ಮುಗಿಸುತ್ತದೆ. ಮೂರು ದಿನಗಳ ಚೀರಾಟ ವಿಧಿಯೆಂಬಂತೆ ಬರುತ್ತದೆ. ೧೮೮೬ರ ಓದುಗನು ಅದನ್ನು ವಿಧಿಯೆಂದು ಒಪ್ಪಿರಬಹುದು. ಇಂದಿನ ಓದುಗನು ಒಪ್ಪಬೇಕಾಗಿಲ್ಲ. ಲಂಡನ್ನಿನಲ್ಲಿ ದಾದಿಯ ಶಿಕ್ಷಣ ಪಡೆದು ಅನಂತರ ವೈದ್ಯಳಾದ ಸಿಸಿಲಿ ಸಾಂಡರ್ಸ್ ಎಂಬಾಕೆ ೧೯೫೮ರಿಂದ ಅಲ್ಲಿಯ ಸಂತ ಜೋಸೆಫರ ಆಶ್ರಮದಲ್ಲಿ, ನೋವು ಮರಳಿ ಬರುವ ಮೊದಲೇ ಗೊತ್ತಾದ ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡುವ ಕ್ರಮವನ್ನು ರೂಢಿಗೆ ತಂದಳು; ೧೯೬೭ರಲ್ಲಿ ಸಂತ ಕ್ರಿಸ್ಟಫರರ ಹೆಸರಿನ ಆಶ್ರಮವನ್ನು ತೆರೆದಳು. ದೇಹದ ನೋವು, ಮನಸ್ಸಿನ ನೋವು, ಮನೆಮಂದಿಯ ಚಿಂತೆ, ಬಾಳಿಗೆ ಅರ್ಥವಿತ್ತೇ ಎಂಬ ಸಂಕಟ, ಎಲ್ಲ ಸೇರಿ ಒಂದೇ ಸಮಗ್ರ ವೇದನೆಯಾಗುತ್ತದೆ ಎಂಬುದು ಆಕೆಯ ದರ್ಶನ. ಇವಾನ್ ಇಲಿಚನಿಗೆ ಮೈಯ ನೋವಿಗಿಂತ ಮನಸ್ಸಿನ ನೋವು ಭಯಂಕರವಾಗಿತ್ತೆಂದು ಹನ್ನೊಂದನೆಯ ಅಧ್ಯಾಯದಲ್ಲಿ ಬರೆದ ಟಾಲ್‌ಸ್ಟಾಯರು ಈ ದರ್ಶನದ ಬಾಗಿಲಿನವರೆಗೆ ಬಂದಿದ್ದರು. ಎರಡು ನೋವುಗಳಲ್ಲಿ ಒಂದನ್ನಾದರೂ ಕಳೆಯಬಹುದಿತ್ತೆಂಬ ಆಲೋಚನೆ ಮಾತ್ರ ಅವರಿಗೆ ಬರಲಿಲ್ಲ. ಬಂದಿದ್ದರೆ ಕಥೆಯ ಮುಕ್ತಾಯಕ್ಕೆ ಬೇಕಾದ ಕತ್ತಲೆ ಕಡಮೆಯಾಗುತ್ತಿತ್ತೋ ಏನೋ. ಭಾರತದಲ್ಲಿ ೧೯೮೫ರ ಮಾದಕವಸ್ತುಗಳ ಕಾನೂನಿನ ಕಟ್ಟಿನಿಂದ ಮಾರ್ಫಿನ್ ಬಹುಕಾಲ ರೋಗಿಗಳಿಗೆ ದುರ್ಲಭವಾಗಿ, ೨೦೧೪ರ ತಿದ್ದುಪಡಿಯಿಂದ ಕಟ್ಟು ಸಡಿಲವಾಯಿತು. ಬೆಂಗಳೂರಿನಲ್ಲಿ ೧೯೯೯ರಿಂದ ಕರುಣಾಶ್ರಯವು ಗುಣವಾಗದ ಅರ್ಬುದರೋಗಿಗಳ ಕೊನೆಯ ದಿನಗಳನ್ನು ನೋಡಿಕೊಳ್ಳುತ್ತ ಬಂದಿದೆ. ಟಾಲ್‌ಸ್ಟಾಯರ ಕಥೆಯನ್ನು ಈಗ ಓದುವವರು ಇಂಥವುಗಳ ನೆರೆಯಲ್ಲಿ ಕುಳಿತು ಓದುತ್ತಾರೆ. ಆ ಚೀರಾಟ ಅವರಿಗೆ ಮೃತ್ಯುವಿನ ಭೀಷಣತೆಯಾಗಿ ಕೇಳಿಸುವಷ್ಟೇ ಕೊಡದೆಹೋದ ಮದ್ದಿನ ಲೆಕ್ಕವಾಗಿಯೂ ಕೇಳಿಸುತ್ತದೆ.

ಈ ಆಕ್ಷೇಪಗಳೆಲ್ಲ ನಿಂತ ಮೇಲೂ ಹನ್ನೆರಡನೆಯ ಅಧ್ಯಾಯ ಅಲುಗುವುದಿಲ್ಲ. ಸಾಯುವುದಕ್ಕೆ ಒಂದು ಗಂಟೆ ಮುಂಚೆ, ಶಾಲೆಗೆ ಹೋಗುವ ಮಗ ವಾಸ್ಯಾ ಮೆಲ್ಲನೆ ಒಳಗೆ ಬಂದಿರುತ್ತಾನೆ. ಅತ್ತಿತ್ತ ಬಡಿದಾಡುತ್ತಿದ್ದ ತಂದೆಯ ಕೈ ಹುಡುಗನ ತಲೆಯ ಮೇಲೆ ಬೀಳುತ್ತದೆ. ಹುಡುಗನು ಅದನ್ನು ಹಿಡಿದು ತುಟಿಗೊತ್ತಿಕೊಂಡು ಅಳುತ್ತಾನೆ. ಹೆಂಡತಿಯೂ ಬರುತ್ತಾಳೆ, ಮೂಗಿನ ಮೇಲೂ ಕೆನ್ನೆಯ ಮೇಲೂ ಒರಸಿಕೊಳ್ಳದ ಕಣ್ಣೀರು. ಅದುವರೆಗೆ ತನ್ನನ್ನು ಯಾರೂ ಕರುಣಿಸಲಿಲ್ಲವೆಂದು ಕೊರಗುತ್ತಿದ್ದವನಿಗೆ ಆಗ ಅವರ ಮೇಲೆ ಕರುಣೆ ಹುಟ್ಟುತ್ತದೆ. ಕ್ಷಮಿಸೆಂದು ಹೇಳಹೋಗಿ ದಾರಿಬಿಡೆಂಬ ಅರ್ಥದ ಶಬ್ದ ಬಾಯಿಂದ ಬೀಳುತ್ತದೆ. ರಷ್ಯನ್ ಭಾಷೆಯಲ್ಲಿ ಎರಡು ಶಬ್ದಗಳ ಉಚ್ಚಾರ ಹತ್ತಿರವಾದದ್ದು. ತಿದ್ದುವ ಶಕ್ತಿಯಿಲ್ಲ, ಕೇಳಬೇಕಾದವನಿಗೆ ಕೇಳೀತೆಂದು ಕೈಬಿಡುತ್ತಾನೆ.

ಆ ಹೊತ್ತಿನಲ್ಲಿ ಗೆರಾಸಿಮನು ಎಲ್ಲಿದ್ದನೆಂದು ಟಾಲ್‌ಸ್ಟಾಯರು ಹೇಳುವುದಿಲ್ಲ. ಅವನನ್ನು ಕಾಣಬೇಕಾದರೆ ಮೊದಲನೆಯ ಅಧ್ಯಾಯಕ್ಕೆ ಮರಳಬೇಕು. ಕಥೆಯ ಕ್ರಮದಲ್ಲಿ ಅದು ಮೊದಲು, ಕಾಲದ ಕ್ರಮದಲ್ಲಿ ಕೊನೆ. ಹೆಣವಿರುವ ಕೋಣೆಯ ನೆಲದ ಮೇಲೆ ವಾಸನೆ ತಡೆಯಲೆಂದು ಏನನ್ನೋ ಚಿಮುಕಿಸುತ್ತ ಅವನು ಹಗುರವಾದ ಹೆಜ್ಜೆಯಲ್ಲಿ ನಡೆಯುತ್ತಿರುತ್ತಾನೆ. ಸತ್ತವನ ಬಳಿ ದಾದಿಯ ಕೆಲಸ ಮಾಡುತ್ತಿದ್ದವನು ಇವನೇ ಎಂದು ಕಥೆಗಾರರು ಅರೆವಾಕ್ಯದಲ್ಲಿ ಹೇಳಿಬಿಡುತ್ತಾರೆ. ಮೊದಲ ಓದಿನಲ್ಲಿ ಅದು ಯಾರಿಗೂ ನಾಟುವುದಿಲ್ಲ. ಹೊರಡಲು ಅವಸರಪಡುತ್ತಿರುವ ಅತಿಥಿಗೆ ಅವನು ತುಪ್ಪಳದ ಅಂಗಿಯನ್ನು ಹುಡುಕಿಕೊಡುತ್ತಾನೆ, ಗಾಡಿಯವನನ್ನು ಕೂಗುತ್ತಾನೆ, ಅತಿಥಿಯನ್ನು ಹತ್ತಿಸುತ್ತಾನೆ, ಇನ್ನು ಮಾಡಬೇಕಾದದ್ದೇನೆಂದು ಯೋಚಿಸುವವನಂತೆ ಒಂದೇ ನೆಗೆತಕ್ಕೆ ಜಗಲಿಗೆ ಹಾರುತ್ತಾನೆ.